ತಿಪ್ಪಮ್ಮನ ಕಾಲು, ನನ್ನ ಬರಿಗೈ

ಜಗಳೂರು
೧೪ ಸೆಪ್ಟೆಂಬರ್ ೧೯೮೪, ಶುಕ್ರವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಕಸ್ತೂರಿಯ ಶರಣು.

ನಿಮ್ಮ ಕೆಮ್ಮು ಕಡಿಮೆಯಾಯಿತೇ? ಮಗಳ ಬಾಣಂತನಕ್ಕೆಂದು ಸವಳಂಗಕ್ಕೆ ಹೋದವರು ನೀವೇ ಹಾಸಿಗೆ ಹಿಡಿಯಬೇಡಿ. ಸಾವಂತ್ರಕ್ಕನಿಗೆ ಹಾಲು ಸಾಕಷ್ಟು ಬರುತ್ತಿದೆಯೇ? ಕೂಸು ನಿಮ್ಮನ್ನು ನಿದ್ದೆ ಮಾಡಲು ಬಿಡುತ್ತದೆಯೇ? ಇಲ್ಲಿ ಮಾವನವರೂ ನಿಮ್ಮ ಮಗನೂ ಚೆನ್ನಾಗಿದ್ದಾರೆ. ನನ್ನ ಸಾರಿಗೆ ಖಾರ ಸಾಲದು ಎಂದು ಗೊಣಗುತ್ತಲೇ ಇಬ್ಬರೂ ದುಂಡಗಾಗುತ್ತಿದ್ದಾರೆ. ಈ ಕಾಗದ ಓದಿ ಹೇಳುತ್ತಿರುವುದು ಸಾವಂತ್ರಕ್ಕನಾದರೆ, ಅಕ್ಕಾ, ಮುಂದಿನದನ್ನು ಒಂದಕ್ಷರವೂ ನುಂಗದೆ ಓದಿ.

ಅತ್ತೇ, ನಾನು ನರ್ಸ್ ಕೆಲಸಕ್ಕೆ ಸೇರುವಾಗ ನೀವು ಹಾಕಿದ ಷರತ್ತು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. “ಆಸ್ಪತ್ರೆಗೆ ಯಾರ್ಯಾರೋ ಬರತಾರೆ. ಗ್ಲೌಸ್ ಹಾಕ್ಕೊಳ್ದೆ ಒಬ್ಬರನ್ನಾದ್ರೂ ಮುಟ್ಟಿದ್ಯೋ, ಅವತ್ತೇ ಕೆಲಸ ಬಿಡಬೇಕು ನೋಡವ್ವ” ಅಂದಿರಿ. ಕೆಲಸ ಸಿಕ್ಕರೆ ಸಾಕಾಗಿತ್ತು, ತಲೆಯಾಡಿಸಿದೆ. ಅಂದಿನಿಂದ ನಾಡಿ ನೋಡಲೂ ಗ್ಲೌಸು, ಮಾತ್ರೆ ಕೊಡಲೂ ಗ್ಲೌಸು. ಇರುವುದೇ ಕೆಲವು ಜೊತೆ. ಒಮ್ಮೆ ಹಾಕಿದ್ದನ್ನು ತೊಳೆದು, ಒಣಗಿಸಿ, ಪೌಡರ್ ಹಚ್ಚಿ, ಮತ್ತೆ ಹಬೆಯಲ್ಲಿಡಬೇಕು. ಜೊತೆಯ ನರ್ಸ್ ಹೊನ್ನೂರಮ್ಮ, “ಗ್ಲೌಸ್ ತೊಳಿಯಾಕೂ ನಿಮ್ಮತ್ತೇನೇ ಬರತಾರೇನ್ರೀ?” ಎಂದು ರೇಗಿಸುತ್ತಿದ್ದಳು. ನಾನು ನಕ್ಕು ಇನ್ನೊಂದು ಜೊತೆ ತೊಳೆಯಲು ಕೂರುತ್ತಿದ್ದೆ.

ಎರಡು ವಾರದ ಹಿಂದೆ ತಿಪ್ಪಮ್ಮ ಎಂಬಾಕೆ ಬಂದಳು. ಕುರಿ ಮೇಯಿಸುವವಳು, ನಿಮ್ಮದೇ ವಯಸ್ಸು, ಗಟ್ಟಿ ಗಂಟಲೂ ನಿಮ್ಮದೇ. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿ ಒಳಗೇ ಮುರಿದು, ಪಾದವೆಲ್ಲ ಬಾತು ಕೀವು ತುಂಬಿತ್ತು. ಮೈ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಜ್ವರ ನೋಡೋಣವೆಂದು ಗ್ಲೌಸ್ ಹಾಕಿದ ಕೈಯನ್ನು ಹಣೆಯ ಹತ್ತಿರ ತಂದೆ, ಅಷ್ಟೇ. ತಟ್ಟನೆ ಮುಖ ತಿರುಗಿಸಿದಳು. “ಹಣೆ ಮುಟ್ಟಾಕೂ ರಬ್ಬರ್ ಬೇಕೇನ್ರೀ? ನಾನೇನು ಅಷ್ಟು ಹೊಲಸಾಗಿದೀನಾ? ಕಾಲು ಕೊಳೆತರೆ ಕೊಳೀಲಿ ಬಿಡ್ರಿ” ಎಂದು ಕುಂಟುತ್ತ ಬಾಗಿಲ ತನಕ ಹೋಗಿಯೇ ಬಿಟ್ಟಳು. ಡಾಕ್ಟರ್ ಮುರುಗೇಶಪ್ಪನವರು ಗದರಿದರು, ಹೊನ್ನೂರಮ್ಮ ಗೋಗರೆದಳು. ಜಪ್ಪಯ್ಯ ಅಂದರೂ ಆಕೆ ಒಳಗೆ ಬರಲಿಲ್ಲ. ಹಾಗೆಯೇ ಹೋಗಿದ್ದರೆ ಕಾಲು ಕತ್ತರಿಸಬೇಕಾಗುತ್ತಿತ್ತು, ಜೀವಕ್ಕೂ ಅಪಾಯವಿತ್ತು.

ನನಗೆ ಸಿಟ್ಟು ಬಂತು ಅತ್ತೇ. ಆಕೆಯ ಮೇಲಲ್ಲ, ನಿಮ್ಮ ಷರತ್ತಿನ ಮೇಲೆ. ಗ್ಲೌಸ್ ಕಿತ್ತು ಬಕೆಟ್ಟಿಗೆ ಹಾಕಿದೆ. ಸೋಪು ಹಚ್ಚಿ ಕೈ ತೊಳೆದು ಬಂದು, ಆ ಬಾಗಿಲಲ್ಲೇ ಆಕೆಯ ಹಣೆಗೆ ಅಂಗೈ ಇಟ್ಟೆ. ಆಕೆ ನನ್ನ ಮುಖವನ್ನೇ ನೋಡಿದಳು. ಆಕೆಯ ಕಣ್ಣು ತುಂಬಿತು, ನನಗೂ ತಡೆಯಲಾಗಲಿಲ್ಲ. ಮಂಚಕ್ಕೆ ಕರೆತಂದು ಕೂರಿಸಿ, “ಹುಳ ಬಿದ್ದ ಕುರೀನ ಮುಟ್ಟಿದ ಕೈಲೇ ಮರಿಗೆ ಹಾಲು ಕುಡಿಸ್ತೀರೇನಮ್ಮ?” ಎಂದು ಕೇಳಿದೆ. “ಅದ್ಹೆಂಗೆ ಕುಡಿಸಾಕಾಗತೈತೆ!” ಎಂದಳು. “ಕೀವಿಗೆ ಗ್ಲೌಸ್ ಹಾಕೋದು ಅದಕ್ಕೇ. ನಿಮ್ಮ ಗಾಯದ್ದು ಇನ್ನೊಬ್ಬರಿಗೆ ಹೋಗಬಾರದು, ನನ್ನ ಕೈಯ ಹೊಲಸು ನಿಮ್ಮ ಗಾಯಕ್ಕೂ ಬರಬಾರದು. ಹಣೆಗೆ ಬೇಕಾಗಿಲ್ಲ” ಎಂದೆ. ಆಕೆ ಕಾಲು ಚಾಚಿದಳು. “ಹಂಗಾದ್ರೆ ಹಾಕ್ಕೊಳವ್ವ, ಬೇಗ ತಗಿ ಆ ಮುಳ್ಳು.” ಡಾಕ್ಟರು ಗಾಯ ಕೊಯ್ದು ಮುಳ್ಳು ತೆಗೆದರು. ನಾನು ಬೇರೆ ಜೊತೆ ಗ್ಲೌಸ್ ಹಾಕಿಕೊಂಡು ಕೀವೆಲ್ಲ ತೊಳೆದೆ. ಆಕೆ ಹಲ್ಲು ಕಚ್ಚಿ, ಡಾಕ್ಟರನ್ನು ಬಾಯಿಗೆ ಬಂದಂತೆ ಬೈಯುತ್ತ ಮಲಗಿದ್ದಳು.

ಇವತ್ತು ಬೆಳಿಗ್ಗೆ ತಿಪ್ಪಮ್ಮ ತನ್ನ ಎರಡೂ ಕಾಲ ಮೇಲೆ ನಡೆದುಕೊಂಡು ಊರಿಗೆ ಹೊರಟಳು ಅತ್ತೇ! ವಾರ್ಡಿನವರೆಲ್ಲ ಕಿಟಕಿಗೆ ಬಂದು ನೋಡಿದೆವು. ಗೆದ್ದೆ ಅನ್ನಿಸಿತು, ಹೇಳಿಕೊಳ್ಳಲು ನಾಚಿಕೆಯೇನು? ಈಗ ನಮ್ಮಲ್ಲಿ ಡಾಕ್ಟರೇ ನಿಯಮ ಮಾಡಿದ್ದಾರೆ. ರಕ್ತ, ಕೀವು, ಮಲಮೂತ್ರ, ಹೆರಿಗೆ ಎಂದರೆ ಗ್ಲೌಸು ಬೇಕೇ ಬೇಕು, ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ. ನಾಡಿ ಹಿಡಿಯಲು, ಗಂಜಿ ಕುಡಿಸಲು ತೊಳೆದ ಬರಿಗೈ ಸಾಕು. ಯಾವ ಕೇರಿಯವರೇ ಬರಲಿ, ಇದೇ ಲೆಕ್ಕ. “ಹೊಸಬರಿಗೆ ನೀನೇ ಕಲಿಸಬೇಕಮ್ಮ” ಎಂದರು. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಕೂಸಿಗೆ ನನ್ನದೊಂದು ಮುತ್ತು ಕೊಡಿ. ಸಾವಂತ್ರಕ್ಕ ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಓಡಾಡಿದರೆ ಚೆನ್ನಾಗಿ ಬೈಯಿರಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಸೊಸೆ
ಕಸ್ತೂರಿ

ತಾಜಾಕಲಂ: ಟಪಾಲು ಎತ್ತುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಷರತ್ತಿನ ಪ್ರಕಾರ ನಾನೀಗ ಕೆಲಸ ಬಿಡಬೇಕು. ಬಿಡುವುದಿಲ್ಲ ಅತ್ತೇ. ಮಾವನವರಿಗೆ ಎಲ್ಲ ಹೇಳಿದ್ದೇನೆ. “ನಿಮ್ಮತ್ತೆಗೆ ನಾನು ಹೇಳತೀನಿ ಬಿಡು” ಎಂದವರು, ನಾನು ಪೆನ್ನು ಕೊಟ್ಟ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು. ಅದಕ್ಕೇ ನಾನೇ ಬರೆದೆ. ನೀವು ಬರುವ ದಿನ ತಿಳಿಸಿ. ಡ್ಯೂಟಿ ಮುಗಿಸಿ ಸೀದಾ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಬಸ್ಸಿನ ಮೆಟ್ಟಿಲು ಎತ್ತರ, ಇಳಿಯುವಾಗ ಕೈ ಚಾಚುತ್ತೇನೆ. ಹಿಡಿದುಕೊಳ್ಳಿ.