ಪಾರಿಶ್ವಾಡಕ್ಕೆ ಬಂದ ಬಂಗಲೆಯ ಬಾಗಿಲು

ಬೆಳಗಾವಿ, ನವೆಂಬರ್ 1981

ದೂರದಲ್ಲಿರುವ ನನ್ನವ್ವನಿಗೆ,

ಬೈಯುವ ಮೊದಲು ಪೂರ್ತಿ ಓದು. ನೀನು ಬೇಡ ಅಂದ ಊರಿಗೆ ಹೋಗಿಬಂದಿದ್ದೇನೆ. "ಪಾರಿಶ್ವಾಡದ ದಾರಿ ಹಿಡೀಬ್ಯಾಡ, ಸಾಹೇಬರ ಹುಡುಗನ್ನ ಲಗ್ನಾದಾಕಿ ಮಗಳಂದ್ರ ನಮ್ಮವ್ವ ಬಾಗಲಾ ತಗಿಯಂಗಿಲ್ಲ" ಅಂತ ನೀನು ಎಷ್ಟು ಸಲ ಬರೆದಿದ್ದೆ. ಆದರೂ ಹೋದೆ.

ಶುರುವಾದದ್ದು ಖಾನಾಪುರದಲ್ಲಿ. ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು ಅಲ್ಲಿಯ ಸುಗರಾ. ರವಿವಾರ ಮನೆಗೆ ಕರೆದೊಯ್ದಳು. ಅವಳಜ್ಜ ಅಮೀನಸಾಬರು ನನ್ನ ಬೆಕ್ಕಿನ ಕಣ್ಣು ನೋಡಿ, "ಕಟ್ಟಿಗಿ ಸಾಹೇಬನ ಮೊಮ್ಮಗಳೇನವಾ? ಕುಂದರು. ನಿಮ್ಮ ಬಂಗ್ಲೆ ಕೆಡವಿದಾಂವ ನಾನ. ನನ್ನ ಮನ್ಯಾಗ ಚಾ ಕುಡೀತಿ ಹೌದಿಲ್ಲೊ?" ಅಂದರು. ಸುಗರಾ ಬಿಡುತ್ತಾಳೆಯೇ? "ನೋಡಲೇ, ನಿಮ್ಮ ಮಹಲಿನ ಹಂಚಿನ ಕೆಳಗ ನಮ್ಮ ಎಮ್ಮಿ ಮಲಗತೈತಿ."

ಆ ಬಂಗಲೆಯ ಕತೆ ನನಗೆ ಯಾರೂ ಹೇಳಿರಲಿಲ್ಲ, ಅವ್ವ. ಸಾಗವಾನಿ ವ್ಯಾಪಾರಕ್ಕೆ ಬಂದ ಅಪ್ಪನ ಅಪ್ಪ, ಇಂಗ್ಲೆಂಡಿನ ತನ್ನ ಹಳ್ಳಿಮನೆಯ ನೆನಪಿಗೆ ಮಲಪ್ರಭೆಯ ದಂಡೆಯಲ್ಲಿ ಅಂಥದೇ ಎಬ್ಬಿಸಿದನಂತೆ. ಆಳೆತ್ತರದ ಕಿಟಕಿ, ಕೋಣೆಗೊಂದು ಬೆಂಕಿಗೂಡು. ಗೌಂಡಿಗಳು ಹೊಗೆಗೂಡಿನ ಬಾಯಿಗೂ ಹಂಚು ಹೊದಿಸಿಬಿಟ್ಟರು. ಖಾನಾಪುರದ ಮಳೆಯಲ್ಲಿ ಮಾಡಿಗೆ ತೂತು ಬಿಡುವವರುಂಟೇ? ಮೊದಲ ಸಲ ಬೆಂಕಿ ಹಚ್ಚಿದಾಗ ಅಜ್ಜ ಕೆಮ್ಮುತ್ತ, ಕರಿ ಮೋರೆ ಹೊತ್ತು ಅಂಗಳಕ್ಕೆ ಓಡಿಬಂದನಂತೆ. "ಅವತ್ತೊಂದಿನ ಸಾಹೇಬ ನಮ್ಮಂಗ ಕಂಡ" ಎಂದು ಅಮೀನಸಾಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅಜ್ಜ ತೀರಿದ ಮೇಲೆ ನೀನೂ ಅಪ್ಪನೂ ಅದನ್ನು ಮಾರಿ ಇಂಗ್ಲೆಂಡಿಗೆ ಹೋದಿರಿ, ನಾನು ಹಾಸ್ಟೆಲಿಗೆ. ಕೊಂಡವರು ಎಪ್ಪತ್ತನಾಲ್ಕರಲ್ಲಿ ಕೆಡವಿಸಿದರು. ಕಲ್ಲು, ತೊಲೆ, ಕಿಟಕಿ ಒಂದೊಂದು ಊರಿಗೆ ಹೋದವು. ಮುಂಬಾಗಿಲು ಎಲ್ಲಿ ಅಂತ ಕೇಳಿದೆ. "ಪಾರಿಶ್ವಾಡದ ಪಾಯಪ್ಪ ಒಯ್ದ. ಅವರವ್ವ ಹೀರಾಬಾಯಿ, ಬ್ಯಾರೆ ಏನೂ ಬ್ಯಾಡ, ಅದೊಂದ ತಗೊಂಡ ಬಾ ಅಂದಿದ್ಲಂತ."

ನಿನ್ನಣ್ಣ. ನಿನ್ನವ್ವ. ನಾನು ಚಾ ಅಲ್ಲೇ ಬಿಟ್ಟು ಬಸ್ಸಿಗೆ ಓಡಿದೆ.

ಬಾಗಿಲು ದೂರದಿಂದಲೇ ಗುರುತು ಸಿಕ್ಕಿತು. ಹಳ್ಳಿಯ ಚೌಕಟ್ಟು ಗಿಡ್ಡ, ಅದಕ್ಕೇ ಬಡಿಗ ಕೆಳಭಾಗ ಕೊಯ್ದು ಕೂರಿಸಿದ್ದಾನೆ. ಪತ್ರ ಒಳಗೆ ಹಾಕಲೆಂದು ಅಜ್ಜ ಇಡಿಸಿದ್ದ ಸೀಳು ಈಗ ಹೊಸ್ತಿಲಿಗಿಂತ ಗೇಣು ಮೇಲಿದೆ. ಅದು ಯಾತಕ್ಕೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನವ್ವ, ನನ್ನ ಆಯಿ ಮಾತ್ರ ಒಳಗೆ ನೆಲಕ್ಕೆ ಕೂತು, ಅದರಲ್ಲಿ ಬಂದವರ ಕಾಲು ನೋಡುತ್ತಾಳೆ. ನಾನು ಚಪ್ಪಲಿ ಬಿಟ್ಟು, ಬಡಿಯಲು ಧೈರ್ಯ ಸಾಲದೆ ಸುಮ್ಮನೆ ನಿಂತಿದ್ದೆ.

"ಹೆಬ್ಬಟ್ಟಿನ ಬಾಜೂದ ಬೆರಳು ಉದ್ದ ಐತಿ. ರಾಜಮತಿ, ನೀ ಏನ?"

"ಅಲ್ರಿ ಆಯಿ, ಅಕಿ ಮಗಳ್ರಿ. ಕಾಂತಾ."

ತೆಗೆದಳು, ಅವ್ವ. ನನ್ನ ಮೋರೆಯನ್ನಲ್ಲ, ಮತ್ತೆ ಕಾಲನ್ನೇ ನೋಡಿದಳು. ಆಮೇಲೆ ಕದದ ಮೇಲೆ ಕೈಯಿಟ್ಟು, "ಅಕಿಗೆ ನಾ ಬಾಗಲಾ ಮುಚ್ಚಿದೆ, ಈ ಬಾಗಲಾ ತಗೀತು. ಯಾರದೋ ಒಲಿಗೆ ಹೋಗಾಕ ಬಿಡಲೇನ?" ಅಂದಳು.

ಜೈನರ ಮನೆಯಲ್ಲವೇ, ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂದು ಬಿಸಿ ರೊಟ್ಟಿ ಬಡಿಸಿದಳು. ನಿನ್ನ ಸುದ್ದಿ ಕೇಳಲೇ ಇಲ್ಲ. ನಾನು ಕೈ ತೊಳೆಯುವಾಗ ಮೆಲ್ಲಗೆ, "ಅಲ್ಲೆ ಹೊತ್ತ ಯಾವಾಗ ಮುಳಗತೈತಿ?" ಅಂದಳು.

"ಚಳಿಗಾಲದಾಗ ನಾಕಕ್ಕ ಕತ್ತಲಂತ್ರಿ."

"ನಾಕಕ್ಕ? ಹಂಗಾರ ಅಷ್ಟ್ರೊಳಗ ಉಣತಾಳೋ, ಆ ಪದ್ಧತೀನ ಬಿಟ್ಟಾಳೋ?"

ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿನ ಗಂಟೆಗೆ ಉಂಡು ಬೆಳೆದವಳು ನಾನು, ನನ್ನವ್ವ ಯಾವ ಹೊತ್ತಿಗೆ ಉಣ್ಣುತ್ತಾಳೆಂದು ನನಗೇ ಗೊತ್ತಿಲ್ಲ. ಹಾಗೇ ಹೇಳಿದೆ. ಆಯಿ ತಾಟು ಎತ್ತಿಕೊಂಡು, "ಬರದ ತಿಳಸಂತ ಹೇಳು. ಬಿಟ್ಟಿದ್ರೂ ಬಯ್ಯಂಗಿಲ್ಲ ಅನ್ನು" ಅಂದಳು.

ಉತ್ತರ ನನಗೆ ಬರೆಯಬೇಡ, ಅವಳಿಗೇ ಬರಿ. ಪಾಯಪ್ಪ ಮಾಮಾ ಓದಿ ಹೇಳುತ್ತಾರೆ.

ಅಲ್ಲಿಯ ಚಳಿ ನಿನ್ನ ಮೈಗೆ ತಾಗದಿರಲಿ. ಇದು ನನ್ನ ಹಾರೈಕೆ, ಆಯಿಯದೂ ಇರಬೇಕು.

ನಿನ್ನ
ಕಾಂತಾ