ಅಡ್ಡ ಹಿಡಿದ ಕೈ

ಏನ್ರೀ, ಫೋಟೊಗೆ ಹಾರ ಹಾಕಿಸಿಕೊಂಡ ಮೇಲೆ ಮನೆಯ ಚಿಂತೆ ಮುಗಿಯಿತೇ? ಹಲ್ಲು ಕಿರಿಯುವುದನ್ನು ನಿಲ್ಲಿಸಿ ಕೇಳಿ. ನಿನ್ನೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇಲ್ಲಿ ಎರ್ಲಾಂಗೆನ್‌ನಲ್ಲಿ ನಮ್ಮ ಸೊಸೆ ಆಂಕೆ ಯೇಸುವಿಗಿಂತ ಮುಂಚಿನ ಅವರ ಹಳೆಯ ದೇವರುಗಳನ್ನು ಪೂಜಿಸುತ್ತಾಳೆ. ನಿನ್ನೆ ಅವರ ಗುಂಪು ಕಾಡಿನಲ್ಲಿ ಸೇರಿತ್ತು; ನನ್ನನ್ನೂ ಮೊಮ್ಮಗಳು ಮೇದಿನಿಯನ್ನೂ ಕರೆದೊಯ್ದಳು. ಸುತ್ತ ನಿಂತು ಎಲ್ಲರೂ ಎತ್ತಿನ ಒಂದೇ ಕೊಂಬಿನಿಂದ ಸೇಬಿನ ರಸ ಗುಟುಕರಿಸುವುದೇ ಅವರ ಪ್ರಸಾದ. ಮೇದಿನಿಯ ಸರದಿ ಬಂದಾಗ ಒಬ್ಬ ಗಡ್ಡದವನು ಕೈ ಅಡ್ಡ ಹಿಡಿದು ಏನೋ ಅಂದ. ನನಗೆ ಜರ್ಮನ್ ಎಲ್ಲಿ ಬರಬೇಕು? ಆ ಮಗುವೇ ಹೇಳಿತು: “ಅಜ್ಜಿ, ನಾನು ಬ್ರೌನ್ ಅಲ್ವಾ, ಅವರ ಗಾಡ್ಸ್ ನನಗಲ್ವಂತೆ.”

ಪೂಜೆ ಮಾಡಿಸುವ ಹೈಕೆ ಕೊಂಬು ಕಿತ್ತುಕೊಂಡು, “ಹಾಗಾದರೆ ಹೊರಡಬೇಕಾದವನು ನೀನು” ಅಂದಳಂತೆ. ಅವನು ಹೋದ. ಮೇದಿನಿ ಕುಡಿದ ಮೇಲೆ ಕೊಂಬು ನನಗೆ ಬಂತು. ಮನೆಯ ಲೋಟವನ್ನೂ ಎತ್ತಿ ಕುಡಿಯುವವಳು ನಾನು. ಕೊಂಬನ್ನು ಕಚ್ಚಿಯೇ ಕುಡಿದೆ.

ಆಂಕೆ ನನ್ನನ್ನೇ ನೋಡುತ್ತಿದ್ದಳು. ಅವಳು ಮದುವೆಯಾಗಿ ಬಂದ ದಿನ ದೇವರ ಕೋಣೆಯ ಹೊಸ್ತಿಲಲ್ಲಿ ನೀವೂ ಹೀಗೇ ಕೈ ಅಡ್ಡ ಹಿಡಿದಿದ್ದಿರಿ. ಆರತಿ ತಟ್ಟೆ ನನ್ನ ಕೈಯಲ್ಲಿತ್ತು.

ಮುಂದಿನ ತಿಂಗಳು ಗೌರಿ ಹಬ್ಬ. ಅವಳನ್ನು ದೇವರ ಮುಂದೆ ಕೂರಿಸಿ ಮೊದಲ ಬಾಗಿನ ಕೊಡುತ್ತೇನೆ. ಬೇಡ ಅನ್ನುವುದಿದ್ದರೆ ಈ ತಿಂಗಳು ಮುಗಿಯುವುದರೊಳಗೆ ಬರೆದು ತಿಳಿಸಿ.