ನೋಡಿ ಹೊಡಿ ಅಂದಿದ್ದೆ ನೀನು

ಮನೆಯಿಂದ, ಮೂರನೇ ಮಹಡಿ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಮಗಳೇ, ನನ್ನ ಮಿಂಚುಳ್ಳಿ,

ಹೇಗಿದ್ದೀಯಮ್ಮಾ? ಕತ್ತು ನೋವು ಕಡಿಮೆ ಆಯಿತೇ? ದಿನವಿಡೀ ಬಗ್ಗಿಕೊಂಡು ಊರವರ ಬಾಯಿಗೆಲ್ಲ ಹಲ್ಲು ಕಟ್ಟುವ ಕೆಲಸ ನಿನ್ನದು. ಲ್ಯಾಬಿನ ಮೇಜಿನ ಕಾಲಿಗೆ ಎರಡು ಇಟ್ಟಿಗೆ ಕೊಡು ಎಂದು ಹೇಳಿ ಎರಡು ವರ್ಷವಾಯಿತು, ಇನ್ನೂ ಕೊಟ್ಟಿಲ್ಲವಂತೆ, ನಿಮ್ಮಮ್ಮ ದೂರುತ್ತಿದ್ದಳು. ಅವಳ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ. ಆದರೆ ಈ ಕಾಗದದಲ್ಲಿ ಒಂದೂ ಸುಳ್ಳು ಬರೆಯಬಾರದು ಎಂದುಕೊಂಡು ಕೂತವನು ನಾನು, ಆ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ.

ಭಾನುವಾರ ನಾಲ್ಕು ಗಂಟೆಗೆ ನಿನ್ನ ದನಿ ನನ್ನ ಕಿವಿಗೆ ಬಿದ್ದು ಇವತ್ತಿಗೆ ಹದಿನೇಳು ವಾರ. ಅಮ್ಮನಿಗೆ ಫೋನ್ ಮಾಡುತ್ತೀಯ, ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅವಳ ಅರ್ಧ ಮಾತು ಕೇಳಿಸಿಕೊಂಡು ಉಳಿದರ್ಧ ಊಹಿಸಿಕೊಳ್ಳುತ್ತೇನೆ. ತಪ್ಪು ನಿನ್ನದಲ್ಲ. ಫೋನ್ ಮಾಡಬೇಡ ಎಂದವನು ನಾನೇ. ಆ ದಿನ ಆಡಿದ್ದರಲ್ಲಿ ಯಾವುದು ಸುಳ್ಳು, ಯಾವುದು ಹೆದರಿಕೆ ಎಂದು ಬಿಡಿಸಿ ಹೇಳದೆ ನನಗೆ ನೆಮ್ಮದಿಯಿಲ್ಲ. ನೀನು ನನ್ನನ್ನು ಕ್ಷಮಿಸದೇ ಹೋಗಬಹುದು ಎಂಬ ಭಯ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ನಾನು ಕೆಲಸದಿಂದ ನಿವೃತ್ತನಾದಾಗ ಹೇಗಿದ್ದೆ ಎಂದು ನಿನಗೆ ನೆನಪಿರಬೇಕು. ಮೂವತ್ತನಾಲ್ಕು ವರ್ಷ ಲಿಫ್ಟು ರಿಪೇರಿ ಮಾಡಿ, ದಿನಕ್ಕೆ ನೂರು ಮಹಡಿ ಹತ್ತಿ ಇಳಿದವನು, ಒಂದೇ ಸಲ ಒಂದೇ ಮಹಡಿಯ ಒಂದೇ ಕುರ್ಚಿಗೆ ಬಂದು ಬಿದ್ದೆ. ಆಗ ನೀನು ನಿನ್ನ ಹಳೆಯ ಕಂಪ್ಯೂಟರು, ಹಿಡಿಕೋಲು, ಕಿವಿಗೆ ಹಾಕುವ ಆ ದೊಡ್ಡ ಬೋಗುಣಿ ಎಲ್ಲ ತಂದು ಜೋಡಿಸಿ, "ಅಪ್ಪಾ, ಇದು ಯುದ್ಧವಿಮಾನ ಹಾರಿಸೋ ಆಟ. ನಾನು ಅಲ್ಲಿಂದ ಹಾರ್ತೀನಿ, ನೀನು ಇಲ್ಲಿಂದ ಹಾರು, ನನ್ನ ಪಕ್ಕದಲ್ಲೇ ಇರ್ತೀಯ" ಎಂದೆ. ಪಕ್ಕದಲ್ಲೇ ಎಂಬ ಒಂದು ಮಾತಿಗೆ ನಾನು ಕಲಿತೆ ಕಣೇ. ಕೆಳಮನೆಯ ಹೊಲಿಗೆಯಾಕೆ ಬಂದಾಗಲೆಲ್ಲ ನಿಮ್ಮಮ್ಮ, "ನಮ್ಮನೆಯವರು ಮೋಡದ ಮೇಲೆ ಯುದ್ಧ ಮಾಡ್ತಿದಾರೆ, ಬಾತ್‌ರೂಮಿನ ಬಲ್ಬು ಹೋಗಿ ತಿಂಗಳಾಯ್ತು" ಎಂದು ನನಗೆ ಕೇಳುವ ಹಾಗೇ ಹೇಳುತ್ತಿದ್ದಳು.

ಮಿಸೈಲು ಬಿಡುವುದರಲ್ಲಿ ನಾನು ಎಂಥ ದಡ್ಡನಾಗಿದ್ದೆ! ಮಿಸೈಲು ಮುಟ್ಟಬಲ್ಲ ಅತಿ ದೂರದ ಅಂಕಿ ಪರದೆಯ ಮೇಲೆ ಬಂದದ್ದೇ ತಡ, ಒಂದರ ಹಿಂದೆ ಒಂದು ಬಿಟ್ಟು ಕೈ ಝಾಡಿಸಿ ಕೂರುತ್ತಿದ್ದೆ. ಒಂದೂ ತಾಗುತ್ತಿರಲಿಲ್ಲ. ನೀನು ಮಗುವಿಗೆ ಹೇಳುವ ಹಾಗೆ ಹೇಳಿದೆ: "ಆ ಅಂಕಿ ನಂಬಬೇಡಪ್ಪಾ, ಅದು ಶತ್ರು ನೆಟ್ಟಗೆ ನಿನ್ನ ಕಡೆಗೇ ಬರ್ತಾನೆ ಅಂದ್ಕೊಂಡು ಹೇಳೋದು. ಅವನೇನು ನಮ್ಮ ನೆಂಟನಾ, ನೆಟ್ಟಗೆ ಮನೆಗೆ ಬರೋಕೆ?" ಮಿಸೈಲಿನ ಬೆಂಕಿ ಉರಿಯುವುದು ಕೆಲವೇ ಸೆಕೆಂಡು, ಆಮೇಲೆ ಅದು ಬರೀ ಓಟದ ಮೇಲೆ ಹೋಗುತ್ತದೆ, ಒಂದೊಂದು ತಿರುವಿಗೂ ಅದರ ದಮ್ಮು ಕರಗುತ್ತದೆ, ಅದಕ್ಕೇ ಮೊದಲು ಎತ್ತರಕ್ಕೆ ಏರು, ಅಲ್ಲಿ ಗಾಳಿ ತೆಳು, ನಿನ್ನ ವೇಗವನ್ನೂ ಅದಕ್ಕೆ ಕೊಟ್ಟು ಬಿಡು, ಅವನು ಬೆನ್ನು ತಿರುಗಿಸಿ ಓಡಿದರೂ ತಪ್ಪಿಸಿಕೊಳ್ಳಲಾಗದಷ್ಟು ಹತ್ತಿರ ಬರುವ ತನಕ ಕಾಯು ಎಂದೆ. ತಾಳಿದವನು ಬಾಳಿಯಾನು ಎಂದು ನಿನಗೆ ಕಲಿಸಿದವನು ನಾನು, ನನಗೆ ಅದನ್ನೇ ಕಲಿಸಲು ನೀನು ಆರು ತಿಂಗಳು ಒದ್ದಾಡಿದೆ. ಬಿಟ್ಟ ಮೇಲೆ ಬಾಲ ಮುದುರಿಕೊಂಡು ಓಡಿಬರಬಾರದು, ಅದರ ಸ್ವಂತ ಕಣ್ಣು ತೆರೆಯುವ ತನಕ ನಮ್ಮ ರಾಡಾರ್ ಅದರ ಕೈ ಹಿಡಿದಿರಬೇಕು, ಹಾಗಂತ ನೇರ ಹೋಗಿ ಶತ್ರುವಿನ ಬಾಯಿಗೂ ಬೀಳಬಾರದು, ಪಕ್ಕಕ್ಕೆ ವಾಲಿಕೊಂಡು ಹೋಗಬೇಕು ಎಂಬುದನ್ನೂ ಕಲಿಸಿದೆ. ಮೊದಲನೆಯ ಮಿಸೈಲು ಅವನನ್ನು ತಿರುಗಿಸಲು, ಎರಡನೆಯದು ಹೊಡೆಯಲು. ಕೊನೆಗೆ ಒಂದು ಭಾನುವಾರ ನಾನು ಎರಡು ಬಿಟ್ಟು ಎರಡನ್ನೂ ತಾಗಿಸಿದೆ. ನೀನು ಅಲ್ಲಿ ಕಿರುಚಿದ್ದಕ್ಕೆ ನನ್ನ ಕಿವಿ ಸಂಜೆಯ ತನಕ ಗುಂಯ್ ಅನ್ನುತ್ತಿತ್ತು. ನನ್ನ ಸರ್ವೀಸಿನಲ್ಲಿ ಯಾವ ಮೇಲಧಿಕಾರಿಯೂ ನನಗೆ ಹಾಗೆ ಭೇಷ್ ಅಂದಿರಲಿಲ್ಲ.

ಶಾಖ ಹುಡುಕುವ ಸಣ್ಣ ಮಿಸೈಲು ಮಾತ್ರ ನನಗೆ ಮೊದಲ ದಿನದಿಂದಲೇ ಒಲಿಯಿತು. ಬಿಸಿ ಇಂಜಿನ್ನು ಅದರ ಕಣ್ಣಿಗೆ ಬಿದ್ದರೆ ಕಿವಿಯಲ್ಲಿ ಗುರುಗುಟ್ಟುತ್ತದೆ, ಹಿಡಿತ ಗಟ್ಟಿಯಾದರೆ ಆ ಗುರುಗುಟ್ಟು ಒಂದೇ ಸಮ ಆಗುತ್ತದೆ. ಲಿಫ್ಟಿನ ಮೋಟಾರಿನ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದ ನನಗೆ ಅದು ಎಷ್ಟರದು? ನನ್ನ ಕಿವಿಯ ಬಗ್ಗೆ ನನಗೆ ಕೊಬ್ಬಿತ್ತು. ನೀನು ಮಾತ್ರ ಪ್ರತಿ ಸಲ ಎಚ್ಚರಿಸುತ್ತಿದ್ದೆ: "ಅಪ್ಪಾ, ಅದಕ್ಕೆ ಶಾಖ ಗೊತ್ತು, ಜನ ಗೊತ್ತಿಲ್ಲ. ನಮ್ಮವರು ಯಾರು, ಅವರ ಕಡೆಯವರು ಯಾರು ಅಂತ ಅದು ಕೇಳಲ್ಲ. ಕಣ್ಣಲ್ಲಿ ನೋಡಿ ಗುರುತು ಹಿಡಿದ ಮೇಲೇ ಗುಂಡಿ ಒತ್ತಬೇಕು." ನಾನು ಹೂಂ ಅನ್ನುತ್ತಿದ್ದೆ.

ಆ ಪಂದ್ಯಕ್ಕೆ ಬರುತ್ತೇನೆ. ನಾಲ್ವರ ತಂಡ, ನೀನು ನಾಯಕಿ. ಎರಡು ವರ್ಷ ಕಷ್ಟಪಟ್ಟು ಕೊನೆಯ ಪಂದ್ಯದ ತನಕ ತಂದಿದ್ದೆ. ನಾಲ್ಕನೆಯವನು ನಾನೇ ಆಗಬೇಕೆಂದು ನೀನು ಅಂದಾಗ ತಂಡದ ಬಡಗಿ ಬೇಡ ಅಂದ. ಮರಗೆಲಸದವನು, ಅಳತೆ ಮಾಡಿ ಮಾತಾಡುವವನು, ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ: "ಲಿಫ್ಟಜ್ಜನ್ನ ಕಂಡ್ರೆ ನಮಗೆಲ್ಲ ಪ್ರೀತಿನೇ, ಆದ್ರೆ ಫೈನಲ್‌ಗೆ ಬೇಡ." ನೀನು ಒಂದೇ ಮಾತು ಅಂದೆ: "ನಮ್ಮಪ್ಪ ಇಲ್ಲ ಅಂದ್ರೆ ನಾನೂ ಇಲ್ಲ." ಕಿವಿಯ ಬೋಗುಣಿಯಲ್ಲಿ ಅದು ನನಗೂ ಕೇಳಿತು. ಆಗಲೇ ಹೇಳಬೇಕಿತ್ತು, ಬಡಗಿ ಹೇಳೋದು ಸರಿ, ನನ್ನನ್ನು ಬಿಡು ಎಂದು. ಹೇಳಲಿಲ್ಲ.

ಕೊನೆಗೆ ಉಳಿದದ್ದು ಅವರ ಕಡೆ ಒಬ್ಬ, ನಮ್ಮ ಕಡೆ ನಾವಿಬ್ಬರು, ಅಪ್ಪ ಮಗಳು. ಅವನು ನಿನ್ನ ಬೆನ್ನು ಹತ್ತಿದ್ದ. ನಿನ್ನ ದನಿ ಕಿಂಚಿತ್ತೂ ನಡುಗಲಿಲ್ಲ: "ಅಪ್ಪಾ, ನಾನು ಎಡಕ್ಕೆ ತಿರುಗ್ತಿದೀನಿ, ಮುಂದಿರೋಳು ನಾನು, ಹಿಂದಿರೋನು ಅವನು. ನೋಡಿ ಹೊಡಿ." ಕಿವಿಯಲ್ಲಿ ಗುರುಗುಟ್ಟು ಒಂದೇ ಸಮವಾಯಿತು. ಒತ್ತಿಬಿಟ್ಟೆ. ತಾಗಿದ್ದು ನಿನಗೆ, ನಿನ್ನ ದನಿ ನಿಂತುಹೋಯಿತು. ಒಬ್ಬನೇ ಉಳಿದ ನನ್ನನ್ನು ಮುಗಿಸಲು ಅವನಿಗೆ ಅರ್ಧ ನಿಮಿಷ ಸಾಕಾಯಿತು.

ಮಾಡಿದ್ದು ಇಷ್ಟೇ ಆಗಿದ್ದರೆ ಅದು ಆಟ, ಸೋತೆವು, ಮುಗಿಯಿತು. ಆಮೇಲೆ ಎಲ್ಲರೂ ಕೇಳುವ ಹಾಗೆ, "ನೀನೇ ನನ್ನ ಮುಂದೆ ಅಡ್ಡ ಬಂದೆ, ನಾನೇನು ಮಾಡಲಿ" ಅಂದೆನಲ್ಲ, ಅದು ಆಟವಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಬಿಟ್ಟು ಮಗಳೇ ಡೊಂಕು ಅಂದೆ. ನೀನು ನನ್ನನ್ನು ಬಿಟ್ಟುಕೊಡಲಿಲ್ಲ, "ಸರಿ ಅಪ್ಪಾ" ಅಂದೆ, ಅಷ್ಟೇ. ಅಪ್ಪನ ಮೇಲಿನ ಮಮಕಾರಕ್ಕೆ ತಂಡ ಮುಳುಗಿಸಿದಳು ಎಂದು ಅವರು ನಿನ್ನ ನಾಯಕತ್ವ ಕಿತ್ತುಕೊಂಡಾಗ ನಾನು ಅಲ್ಲೇ ಕೂತು ಎಲ್ಲ ಕೇಳುತ್ತಿದ್ದೆ. ಬಾಯಿ ಬಿಡಲಿಲ್ಲ.

ಆಮೇಲೆ ನೀನು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, ಅದೂ ಎಷ್ಟು ಮೆತ್ತಗೆ: "ಅಪ್ಪಾ, ನಿಜ ಹೇಳು, ನಿಂಗೆ ನಾನು ಕಾಣ್ಲಿಲ್ವಾ?" ಅದಕ್ಕೆ ನಾನು, "ಆಟ ಸೋತಿದ್ದಕ್ಕೆ ಅಪ್ಪನ ಕಣ್ಣು ಕೀಳೋಕೆ ಬಂದೆಯಾ, ಇನ್ಮೇಲೆ ನಂಗೆ ಫೋನ್ ಮಾಡ್ಬೇಡ" ಎಂದು ಇಟ್ಟುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕಾಣಲಿಲ್ಲ ಮಗಳೇ. ನೀನು ಕೇಳಿದ್ದೇ ಸರಿ. ಎಡಗಣ್ಣು ಹೋಗಿ ಆಗಲೇ ಒಂದು ವರ್ಷವಾಗಿತ್ತು. ಬಲಗಣ್ಣಿನ ನಡುಮಧ್ಯದಲ್ಲಿ ಒಂದು ಬೂದು ಕಲೆ, ನೇರ ನೋಡಿದ್ದೆಲ್ಲ ಅದರೊಳಗೆ ಮುಳುಗುತ್ತದೆ. ವಿಮಾನದ ಗುಂಡಿಗಳೆಲ್ಲ ಬೆರಳಿಗೆ ಬಾಯಿಪಾಠ, ದೂರದ ಶತ್ರುವನ್ನು ನೀನು ಹೇಳುವ ಅಂಕಿಯಿಂದ ತಿಳಿಯುತ್ತಿದ್ದೆ, ಹತ್ತಿರದವನನ್ನು ಕಿವಿಯಿಂದ. ಆ ದಿನ ಪರದೆಯ ಮೇಲೆ ನೀನೂ ಇರಲಿಲ್ಲ, ಅವನೂ ಇರಲಿಲ್ಲ, ಬರೀ ಕಲೆಯಿತ್ತು, ಸದ್ದಿತ್ತು. ಸದ್ದು ನಂಬಿ ಹೊಡೆದೆ. ಈ ಕಾಗದವನ್ನೂ ದಪ್ಪ ಮಾರ್ಕರಿನಲ್ಲಿ, ಪುಟಕ್ಕೆ ಎಂಟೇ ಸಾಲಿನಂತೆ ಬರೆಯುತ್ತಿದ್ದೇನೆ, ನಿಮ್ಮಮ್ಮ ಪಕ್ಕದಲ್ಲಿ ಕೂತು ಪುಟದ ನಂಬರು ಹಾಕುತ್ತಿದ್ದಾಳೆ. ಅವಳಿಗೆ ಗೊತ್ತಿತ್ತು, ನಾನೇ ಆಣೆ ಹಾಕಿಸಿದ್ದೆ. ಅವಳನ್ನು ಬೈಯಬೇಡ.

ಯಾಕೆ ಮುಚ್ಚಿಟ್ಟೆ ಎಂದರೆ, ಹೇಳಿದ್ದರೆ ನೀನು ಆಟ ನಿಲ್ಲಿಸುತ್ತಿದ್ದೆ. ಫೋನ್ ಮಾಡುತ್ತಿದ್ದೆ, ನಿಜ. ಡಾಕ್ಟರ್ ಏನಂದ್ರು, ಮಾತ್ರೆ ತಗೊಂಡ್ಯಾ, ಮೆಟ್ಟಿಲು ಹುಷಾರು, ಇಷ್ಟೇ ಇರುತ್ತಿತ್ತು ನಮ್ಮಿಬ್ಬರ ನಡುವೆ. "ಅಪ್ಪಾ, ಮೂಗು ಮೇಲಕ್ಕೆತ್ತೋ ಮಾರಾಯ, ನೆಲಕ್ಕೆ ಗುದ್ದಿಸ್ತೀಯಾ!" ಎಂದು ನೀನು ಬೈಯುವುದು ತಪ್ಪಿಹೋಗುತ್ತಿತ್ತು. ಆ ಬೈಗುಳಕ್ಕೆ ವಾರವಿಡೀ ಕಾಯುತ್ತಿದ್ದೆ. ರೋಗಿ ಅಪ್ಪ ಆಗುವುದಕ್ಕಿಂತ ದಡ್ಡ ಶಿಷ್ಯ ಆಗಿರುವುದೇ ನನಗೆ ಸುಖವಾಗಿತ್ತು. ಸ್ವಾರ್ಥ ಅನ್ನು, ಒಪ್ಪುತ್ತೇನೆ.

ಹೋದ ಭಾನುವಾರ ನಾಲ್ಕು ಗಂಟೆಗೆ ನಾನೇ ಬೋಗುಣಿ ಹಾಕಿಕೊಂಡು ಕೂತು, ಬಡಗಿಗೂ ತಂಡದ ಇನ್ನೊಬ್ಬನಿಗೂ ಇಲ್ಲಿ ಬರೆದದ್ದೆಲ್ಲ ಹೇಳಿದೆ. "ನನ್ನ ಮಗಳು ಅಡ್ಡ ಬರಲಿಲ್ಲ, ಕುರುಡ ಹೊಡೆದದ್ದು" ಎಂದೆ. ಬಡಗಿ, "ಯಜಮಾನ್ರೇ, ನಮಗೆ ಹೇಳೋಕಿಂತ ಮುಂಚೆ ಅವಳಿಗೆ ಹೇಳ್ಬೇಕಿತ್ತು" ಅಂದ. ಅಳತೆಗಾರ, ಒಂದು ಗೆರೆಯೂ ಆಚೀಚೆ ಇಲ್ಲ. ನಾಯಕಿಯ ಜಾಗದಲ್ಲಿ ಮತ್ತೆ ನಿನ್ನ ಹೆಸರೇ ಹಾಕಿದ್ದಾರಂತೆ. ಹೋಗುವುದು ಬಿಡುವುದು ನಿನ್ನಿಷ್ಟ, ಈ ಅಪ್ಪನಿಗಾಗಿ ಹೋಗಬೇಡ. ನನ್ನ ಜಾಗಕ್ಕೆ ಬೇರೆಯವರನ್ನು ಹುಡುಕಿಕೊಳ್ಳಲಿ ಎಂದು ನಾನೇ ಹೇಳಿದ್ದೇನೆ.

ಎಲ್ಲಿದ್ದರೂ ತಣ್ಣಗಿರು ಕಂದಾ. ನಿನ್ನ ಕೈಗೆ ಬಂದ ಕೆಲಸವೆಲ್ಲ ಚೆನ್ನಾಗಿ ಕೂರಲಿ, ನೀನು ನಂಬಿದವರು ನನ್ನ ಹಾಗೆ ಆಗದಿರಲಿ. ಅಮ್ಮ ಮುತ್ತು ಕೊಟ್ಟಿದ್ದಾಳೆ, ಪುಟದ ನಂಬರಿನ ಪಕ್ಕದ ಆ ಗೀಟು ಅದೇ ಅಂತೆ.

ನಿನ್ನ ಅಪ್ಪ,
ಲಿಫ್ಟಜ್ಜ

ಇನ್ನೊಂದು ಮಾತು: ಅಮ್ಮ ವಾಪಸು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇಪ್ಪತ್ತನೇ ತಾರೀಕು ಗುರುವಾರ ಬಲಗಣ್ಣಿನ ಒಳಪರದೆಗೆ ಆಪರೇಷನ್. ಅಮ್ಮನಿಗೆ ಚಿಕ್ಕ ಆಪರೇಷನ್ ಎಂದಿದ್ದೇನೆ, ಅವಳು ಈಗ ಕೆಳಮನೆಯ ಹೊಲಿಗೆಯಾಕೆಯ ಹತ್ತಿರ ಅಂಚೆಚೀಟಿ ಕೇಳಲು ಹೋಗಿದ್ದಾಳೆ. ಕಣ್ಣು ಉಳಿಯುವುದು ಹೋಗುವುದು ಅರ್ಧಕ್ಕರ್ಧ ಎಂದರು ಡಾಕ್ಟರು. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ, ಕಲೆಯ ಅಂಚಿನಲ್ಲಿ, ಒಂದು ತುಣುಕು ಈಗಲೂ ಚೆನ್ನಾಗಿ ಕಾಣುತ್ತದೆ. ಒಂದು ಮುಖಕ್ಕೆ ಸಾಕು. ಮಾತಾಡದಿದ್ದರೂ ಸರಿ, ಹಿಂದಿನ ದಿನ ಬುಧವಾರದ ಒಳಗೆ ಒಂದು ಸಲ ಬಂದು ಹೋಗು. ಬೆಳಗಿನ ಹೊತ್ತು ಬಾ, ಕಿಟಕಿಯ ಹತ್ತಿರ ಆಗ ಬೆಳಕು ಚೆನ್ನಾಗಿರುತ್ತದೆ.